ಕಾರಿನ ಸಸ್ಪೆನ್ಷನ್ ತಗ್ಗಿಸುವಿಕೆ ಮತ್ತು ಶಾಕ್ ಅಬ್ಸಾರ್ಬರ್ ಆಯ್ಕೆ

ಸಸ್ಪೆನ್ಷನ್ ತಗ್ಗಿಸುವಿಕೆ ಎಂದರೆ ಚಕ್ರಗಳ ಮೇಲೆ ಕುಳಿತಿರುವ ಕಾರಿನ ಒಡಲನ್ನು ತಯಾರಕರು ಗೊತ್ತುಪಡಿಸಿದ ಎತ್ತರಕ್ಕಿಂತ ಕೆಳಕ್ಕೆ, ನೆಲಕ್ಕೆ ಹೆಚ್ಚು ಸಮೀಪವಾಗಿ ಇಳಿಸುವ ಮಾರ್ಪಾಡು. ರಸ್ತೆಯಲ್ಲಿ ಓಡಾಡುವ ಕಾರುಗಳಲ್ಲಿ ಈ ಇಳಿಕೆ ಸಾಮಾನ್ಯವಾಗಿ 20ರಿಂದ 40 ಮಿ.ಮೀ.ಗಳಷ್ಟಿರುತ್ತದೆ, ಪ್ರದರ್ಶನಕ್ಕೆಂದೇ ಸಿದ್ಧಪಡಿಸಿದ ಕಾರುಗಳಲ್ಲಿ ಇದಕ್ಕಿಂತ ಬಹಳ ಹೆಚ್ಚು. ಬಹುಮಟ್ಟಿಗೆ ಇದನ್ನು ಗಿಡ್ಡವಾದ, ಹೆಚ್ಚು ಬಿಗಿಯಾದ ಸ್ಪ್ರಿಂಗುಗಳಿಂದ ಸಾಧಿಸುತ್ತಾರೆ. ಸ್ಪ್ರಿಂಗ್ ಬದಲಾದೊಡನೆ ಅದಕ್ಕೆ ಜೊತೆಯಾಗಿರುವ ಶಾಕ್ ಅಬ್ಸಾರ್ಬರಿನ ಕೆಲಸವೂ ಬದಲಾಗುತ್ತದೆ. ಇವೆರಡನ್ನೂ ಒಂದು ಜೋಡಿಯೆಂದು ಪರಿಗಣಿಸದೆ ಸ್ಪ್ರಿಂಗನ್ನು ಮಾತ್ರ ಬದಲಿಸಿದರೆ, ನಿಂತಾಗ ಚೆಂದವಾಗಿ ಕಾಣುವ ಕಾರು ಉಬ್ಬುತಗ್ಗಿನ ತಿರುವಿನಲ್ಲಿ ನೆಲದ ಹಿಡಿತವನ್ನು ಕಳೆದುಕೊಳ್ಳುವ ಸಂಭವ ಹೆಚ್ಚುತ್ತದೆ.

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್

ಶಾಕ್ ಅಬ್ಸಾರ್ಬರ್ ಎಂಬ ಹೆಸರೇ ಓದುಗನನ್ನು ದಾರಿತಪ್ಪಿಸುವಂಥದು. ಅದನ್ನು ‘ಆಘಾತ ಶೋಷಕ’ ಎಂದು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದರೆ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಚಕ್ರವು ರಸ್ತೆಯ ಉಬ್ಬನ್ನು ಏರಿದಾಗ ಆ ಪೆಟ್ಟನ್ನು ಮೊದಲು ತೆಗೆದುಕೊಳ್ಳುವುದು ಟೈರು, ಅನಂತರ ಸ್ಪ್ರಿಂಗ್. ಸ್ಪ್ರಿಂಗ್ ಕುಗ್ಗಿ ಆ ಶಕ್ತಿಯನ್ನು ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ, ಮರುಕ್ಷಣವೇ ಅದನ್ನು ಹಿಂದಿರುಗಿಸುತ್ತದೆ. ತಡೆಯುವವರಿಲ್ಲದಿದ್ದರೆ ಕಾರಿನ ಒಡಲು ಉಯ್ಯಾಲೆಯಂತೆ ಬಹಳ ಹೊತ್ತು ಮೇಲೆ ಕೆಳಗೆ ತೂಗುತ್ತಲೇ ಇರುತ್ತದೆ. ಈ ತೂಗಾಟವನ್ನು ಬೇಗನೆ ಅಡಗಿಸುವುದೇ ಶಾಕ್ ಅಬ್ಸಾರ್ಬರಿನ ಕೆಲಸ. ಬ್ರಿಟಿಷ್ ಎಂಜಿನಿಯರುಗಳು ಬಳಸುವ ‘ಡ್ಯಾಂಪರ್’ ಎಂಬ ಹೆಸರು ಇದಕ್ಕೆ ಹೆಚ್ಚು ಒಪ್ಪುತ್ತದೆ. ಕನ್ನಡದ ಭೌತವಿಜ್ಞಾನದ ಪುಸ್ತಕಗಳಲ್ಲಿ ಈ ಕ್ರಿಯೆಗೆ ಅವಮಂದನ ಎಂದು ಹೆಸರು.

ಉಪಕರಣದ ರಚನೆ ಸರಳ. ಎಣ್ಣೆ ತುಂಬಿದ ಕೊಳವೆಯೊಂದರಲ್ಲಿ ಸಣ್ಣ ರಂಧ್ರಗಳೂ ಕವಾಟಗಳೂ ಇರುವ ಪಿಸ್ಟನ್ ಚಲಿಸುತ್ತದೆ. ಎಣ್ಣೆಯು ಆ ಇಕ್ಕಟ್ಟಾದ ದಾರಿಯಲ್ಲಿ ನುಗ್ಗಬೇಕಾದುದರಿಂದ ಪಿಸ್ಟನ್ನಿನ ಚಲನೆಗೆ ಪ್ರತಿರೋಧ ಉಂಟಾಗುತ್ತದೆ. ಸ್ಪ್ರಿಂಗಿನಲ್ಲಿ ಕೂಡಿಕೊಂಡಿದ್ದ ಶಕ್ತಿ ಎಣ್ಣೆಯಲ್ಲಿ ಶಾಖವಾಗಿ ಮಾರ್ಪಟ್ಟು ಗಾಳಿಗೆ ಹೋಗುತ್ತದೆ. ಕಚೇರಿಯ ಬಾಗಿಲಿನ ನೆತ್ತಿಯಲ್ಲಿ ಅಳವಡಿಸಿ, ಬಾಗಿಲು ದಡಾರೆಂದು ಬಡಿಯದಂತೆ ಮೆಲ್ಲಗೆ ಮುಚ್ಚಿಸುವ ಸಾಧನದೊಳಗೂ ಇದೇ ತತ್ತ್ವವಿದೆ. ಇದನ್ನು ಬಲ್ಲ ವಿದ್ಯಾರ್ಥಿಗೆ ಒಂದು ಸಂಗತಿ ಥಟ್ಟನೆ ಹೊಳೆಯಬೇಕು: ನಿಂತ ಕಾರಿನ ತೂಕವನ್ನು ಹೊರುವುದು ಸ್ಪ್ರಿಂಗ್ ಮಾತ್ರ. ಎಣ್ಣೆಯ ಪ್ರತಿರೋಧ ಹುಟ್ಟುವುದು ಚಲನೆ ಇದ್ದಾಗ, ಮತ್ತು ಚಲನೆಯ ವೇಗಕ್ಕೆ ತಕ್ಕಂತೆ. ಆದ್ದರಿಂದ ಶಾಕ್ ಅಬ್ಸಾರ್ಬರನ್ನು ಬದಲಿಸಿ ಕಾರನ್ನು ತಗ್ಗಿಸುತ್ತೇವೆ ಎನ್ನುವ ಮಾತಿನಲ್ಲಿ ಅರ್ಥವಿಲ್ಲ. ತಗ್ಗಿಸುವುದು ಸ್ಪ್ರಿಂಗ್, ತಗ್ಗಿದ ಕಾರನ್ನು ಹದ್ದಿನಲ್ಲಿಡುವುದು ಶಾಕ್ ಅಬ್ಸಾರ್ಬರ್.

ಇತಿಹಾಸ

ಎತ್ತಿನ ಗಾಡಿಯ ಕಾಲದಿಂದ ಬಂದ ಸಾರೋಟುಗಳಲ್ಲಿಯೂ ಮೊದಲ ಕಾರುಗಳಲ್ಲಿಯೂ ಇದ್ದುದು ಇಂದಿಗೂ ಲಾರಿಗಳಲ್ಲಿ ಕಾಣುವ ಕಮಾನಿನಾಕಾರದ ಪಟ್ಟಿ ಸ್ಪ್ರಿಂಗುಗಳು. ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದಲೇ ತೂಗಾಟ ಸ್ವಲ್ಪಮಟ್ಟಿಗೆ ಅಡಗುತ್ತಿತ್ತು. ವೇಗ ಹೆಚ್ಚಿದಂತೆ ಅದು ಸಾಲದಾಯಿತು. 20ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಜೂಲ್ಸ್ ಟ್ರುಫೋ ರೂಪಿಸಿದ, ಅಮೆರಿಕದಲ್ಲಿ ಎಡ್ವರ್ಡ್ ಹಾರ್ಟ್‌ಫರ್ಡ್ ಪ್ರಚಾರಕ್ಕೆ ತಂದ ಸಾಧನವು ಬಿಲ್ಲೆಗಳ ಉಜ್ಜುವಿಕೆಯನ್ನೇ ನೆಚ್ಚಿಕೊಂಡಿತ್ತು. ಫ್ರಾನ್ಸಿನವರೇ ಆದ ಮೋರಿಸ್ ಹುಡಾಯ್ ಎಣ್ಣೆಯ ಪ್ರತಿರೋಧವನ್ನು ಬಳಸಿಕೊಂಡರು. ಅವರ ಹೆಸರಿನ ತಿರುಗುವ ಮಾದರಿಯ ಶಾಕ್ ಅಬ್ಸಾರ್ಬರುಗಳು ಫೋರ್ಡ್ ಕಂಪನಿಯ ಮಾಡೆಲ್ ಎ ಕಾರಿನಲ್ಲಿದ್ದವು. ಇಂದು ಎಲ್ಲೆಡೆ ಕಾಣುವ ಉದ್ದ ಕೊಳವೆಯ ಮಾದರಿ ಆಮೇಲೆ ಬಂದಿತು. ಒಂಟಿ ಕೊಳವೆಯಲ್ಲಿ ಎಣ್ಣೆಯ ಹಿಂದೆ ಒತ್ತಡದ ಅನಿಲವನ್ನು ತುಂಬುವ ಉಪಾಯ ಕ್ರಿಸ್ಟಿಯನ್ ಬೂರ್ಸಿಯೇ ದ ಕಾರ್ಬೋನ್ ಅವರದು. ಜರ್ಮನಿಯ ಬಿಲ್‌ಸ್ಟೈನ್ ಕಂಪನಿ 1957ರಲ್ಲಿ ಮರ್ಸಿಡಿಸ್ ಬೆಂಜ್ ಕಾರುಗಳಿಗಾಗಿ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲಾರಂಭಿಸಿತು.

ಕಾರನ್ನು ತಗ್ಗಿಸುವ ಹವ್ಯಾಸಕ್ಕೆ ಬೇರೆಯೇ ಚರಿತ್ರೆಯಿದೆ. ಪಂದ್ಯದ ಕಾರುಗಳನ್ನು ಮೊದಲಿನಿಂದಲೂ ನೆಲಕ್ಕೆ ಸಮೀಪವಾಗಿಯೇ ಕಟ್ಟುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಲಾಸ್ ಏಂಜಲೀಸ್ ಸುತ್ತಮುತ್ತಲ ಮೆಕ್ಸಿಕನ್ ಮೂಲದ ತರುಣರು ಹಳೆಯ ಕಾರುಗಳನ್ನು ತಗ್ಗಿಸಿ, ಬಣ್ಣ ಹಚ್ಚಿ, ವೇಗಕ್ಕೆ ಬದಲಾಗಿ ನಿಧಾನವನ್ನೇ ಠೀವಿಯಾಗಿಸಿಕೊಂಡು ಬೀದಿಯಲ್ಲಿ ಸಾಗಿಸುತ್ತಿದ್ದರು. ಇದನ್ನು ಲೋರೈಡಿಂಗ್ ಎನ್ನುತ್ತಾರೆ. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಕಾರಿನ ಯಾವುದೇ ಭಾಗ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗಿರಬಾರದೆಂದು ವಿಧಿಸಿತು. ಅದಕ್ಕೆ ಮರುತ್ತರವೆಂಬಂತೆ 1959ರಲ್ಲಿ ರಾನ್ ಅಗೀರೆ ಎಂಬುವರು ತಮ್ಮ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ ಪಂಪುಗಳನ್ನು ಅಳವಡಿಸಿದರು: ಗುಂಡಿ ಒತ್ತಿದರೆ ಕಾರು ಕಾನೂನಿನ ಎತ್ತರಕ್ಕೇರುತ್ತಿತ್ತು, ಮತ್ತೆ ಒತ್ತಿದರೆ ಇಳಿಯುತ್ತಿತ್ತು. ಆ ವಿಧಿ ರದ್ದಾದುದು 2024ರ ಜನವರಿಯಿಂದ ಮಾತ್ರ.

ತಗ್ಗಿಸುವುದರಿಂದ ದೊರೆಯುವುದೇನು

ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ, ಆದ್ದರಿಂದ ಕಾರು ತಿರುವಿನಲ್ಲಿ ಭದ್ರವಾಗಿ ನಿಲ್ಲುತ್ತದೆ ಎಂಬುದು ಎಲ್ಲರೂ ಹೇಳುವ ಕಾರಣ. ಮಾತು ಸರಿಯಾದರೂ ಅದರ ಪ್ರಮಾಣವೆಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡುವುದೊಳ್ಳೆಯದು. ಒಟ್ಟು 1000 ಕೆ.ಜಿ. ತೂಗುವ, ಗುರುತ್ವ ಕೇಂದ್ರ ನೆಲದಿಂದ 55 ಸೆಂ.ಮೀ. ಎತ್ತರದಲ್ಲಿರುವ, ಎಡಬಲ ಚಕ್ರಗಳ ನಡುವೆ 145 ಸೆಂ.ಮೀ. ಅಂತರವಿರುವ ಕಾರನ್ನು ಊಹಿಸಿಕೊಳ್ಳೋಣ. ಗುರುತ್ವದ ಅರ್ಧದಷ್ಟು ಪಾರ್ಶ್ವ ವೇಗೋತ್ಕರ್ಷದಲ್ಲಿ ಅದು ತಿರುಗುವಾಗ ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳಿಗೆ ವರ್ಗವಾಗುವ ಭಾರ ಸುಮಾರು 190 ಕೆ.ಜಿ. ಕಾರನ್ನು 30 ಮಿ.ಮೀ. ತಗ್ಗಿಸಿದರೆ ಅದು ಸುಮಾರು 179 ಕೆ.ಜಿ. ಆಗುತ್ತದೆ. ಉಳಿತಾಯ ಶೇ. 5ರಿಂದ 6ರಷ್ಟು ಮಾತ್ರ. ಚಾಲಕನಿಗೆ ಕಾರು ಚುರುಕಾಯಿತೆಂದು ಅನ್ನಿಸುವುದಕ್ಕೆ ಮುಖ್ಯ ಕಾರಣ ಎತ್ತರದ ಇಳಿಕೆಯಲ್ಲ, ಹೊಸ ಸ್ಪ್ರಿಂಗುಗಳ ಬಿಗಿತದಿಂದ ಒಡಲಿನ ವಾಲಾಟ ಕಡಿಮೆಯಾಗುವುದು.

ಇನ್ನೊಂದು ತೊಡಕೂ ಇದೆ. ಸಣ್ಣ ಕಾರುಗಳ ಮುಂಭಾಗದಲ್ಲಿ ಸಾಮಾನ್ಯವಾಗಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ರಚನೆ. ಇದರಲ್ಲಿ ಶಾಕ್ ಅಬ್ಸಾರ್ಬರೇ ಕಂಬದಂತೆ ನಿಂತು ಚಕ್ರದ ಮೇಲ್ತುದಿಯನ್ನು ಹಿಡಿದಿರುತ್ತದೆ, ಕೆಳತುದಿಯನ್ನು ಅಡ್ಡತೋಳೊಂದು ಹಿಡಿದಿರುತ್ತದೆ. ಕಾರು ವಾಲುವಾಗ ಅದು ಒಂದು ಕಾಲ್ಪನಿಕ ಬಿಂದುವಿನ ಸುತ್ತ ವಾಲುತ್ತದೆ, ಇದು ವಾಲುಕೇಂದ್ರ. ಕಾರನ್ನು ಹೆಚ್ಚಾಗಿ ತಗ್ಗಿಸಿದಾಗ ಅಡ್ಡತೋಳಿನ ಹೊರತುದಿ ಮೇಲಕ್ಕೇರಿ, ವಾಲುಕೇಂದ್ರವು ಗುರುತ್ವ ಕೇಂದ್ರಕ್ಕಿಂತ ಬೇಗನೆ ಕೆಳಗಿಳಿಯುತ್ತದೆ. ಎರಡರ ನಡುವಣ ಅಂತರ ಹೆಚ್ಚಿದಷ್ಟೂ ಕಾರನ್ನು ವಾಲಿಸುವ ಸನ್ನೆಯೂ ಉದ್ದವಾಗುತ್ತದೆ. ಅಂದರೆ ಒಂದು ಮಿತಿಯನ್ನು ಮೀರಿ ತಗ್ಗಿಸಿದ ಕಾರು, ಸ್ಪ್ರಿಂಗಿನ ಬಿಗಿತ ಅಷ್ಟೇ ಇದ್ದಲ್ಲಿ, ಮೊದಲಿಗಿಂತ ಹೆಚ್ಚು ವಾಲುತ್ತದೆ. ತಗ್ಗಿದಷ್ಟೂ ಒಳ್ಳೆಯದೆಂಬ ನಂಬಿಕೆಗೆ ಯಂತ್ರಶಾಸ್ತ್ರದ ಬೆಂಬಲವಿಲ್ಲ.

ನುಣುಪಾದ ಪಂದ್ಯದ ಪಥಕ್ಕೂ ಮಣ್ಣಿನ ಹಾದಿಗೂ ಇರುವ ವ್ಯತ್ಯಾಸವನ್ನು ಗಮನಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಪಥದಲ್ಲಿ ಓಡುವ ಕಾರು ನೆಲಕ್ಕೆ ಅಂಟಿದಂತಿರುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರ‍್ಯಾಲಿ ಓಡುವ ಕಾರು ಹಾಗಿರುವುದಿಲ್ಲ. ಅದಕ್ಕೆ ಹೆಚ್ಚು ಎತ್ತರವನ್ನೂ ಚಕ್ರ ಮೇಲೆ ಕೆಳಗೆ ಆಡಲು ಹೆಚ್ಚು ಅವಕಾಶವನ್ನೂ ಕೊಟ್ಟಿರುತ್ತಾರೆ. ಎರಡೂ ವೇಗಕ್ಕಾಗಿಯೇ ಸಿದ್ಧಪಡಿಸಿದ ಕಾರುಗಳೆಂಬುದನ್ನು ಮರೆಯಬಾರದು.

ಚಲನೆಯ ಅವಕಾಶ, ಬಿಗಿತ ಮತ್ತು ಅವಮಂದನ

ನಿಂತ ಕಾರಿನ ಚಕ್ರವು ಮೇಲಕ್ಕೆ, ಅಂದರೆ ಒಡಲಿನ ಕಡೆಗೆ, 80 ಮಿ.ಮೀ. ಚಲಿಸಬಲ್ಲುದೆಂದು ಇಟ್ಟುಕೊಳ್ಳೋಣ. ಅಷ್ಟು ಚಲಿಸಿದ ಮೇಲೆ ಬಂಪ್ ಸ್ಟಾಪ್ ಎಂಬ ರಬ್ಬರ್ ಅಥವಾ ಫೋಮ್ ತುಂಡಿಗೆ ತಗಲಿ ಅದು ನಿಲ್ಲುತ್ತದೆ. ಕಾರನ್ನು 30 ಮಿ.ಮೀ. ತಗ್ಗಿಸಿದರೆ ಉಳಿಯುವ ಅವಕಾಶ 50 ಮಿ.ಮೀ. ಮಾತ್ರ. ಸ್ಪ್ರಿಂಗಿನಲ್ಲಿ ಕೂಡುವ ಶಕ್ತಿಯು ಚಲನೆಯ ದೂರದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಮೊದಲಿನಷ್ಟೇ ದೊಡ್ಡ ಪೆಟ್ಟನ್ನು ಬಂಪ್ ಸ್ಟಾಪಿಗೆ ಬಡಿಯದೆ ತಾಳಿಕೊಳ್ಳಲು ಸ್ಪ್ರಿಂಗಿನ ಬಿಗಿತ ಎರಡೂವರೆ ಪಟ್ಟಿಗಿಂತಲೂ ಹೆಚ್ಚಾಗಬೇಕು. ಅಷ್ಟು ಬಿಗಿಯಾದ ಕಾರಿನಲ್ಲಿ ದಿನನಿತ್ಯ ಕುಳಿತುಕೊಳ್ಳುವುದು ಯಾರಿಗೂ ಹಿತವಲ್ಲ. ಆದಕಾರಣ ರಸ್ತೆ ಬಳಕೆಯ ತಗ್ಗು ಸ್ಪ್ರಿಂಗುಗಳ ತಯಾರಕರು ಬಿಗಿತವನ್ನು ಮಿತವಾಗಿಯೇ ಹೆಚ್ಚಿಸುತ್ತಾರೆ. ಉಳಿದ ಭಾರವನ್ನು ಬಂಪ್ ಸ್ಟಾಪೂ ಶಾಕ್ ಅಬ್ಸಾರ್ಬರೂ ಹಂಚಿಕೊಳ್ಳಬೇಕಾಗುತ್ತದೆ. ತಿರುವಿನ ನಡುವೆ, ಹೊರಬದಿಯ ಸ್ಪ್ರಿಂಗ್ ಆಗಲೇ ಅರ್ಧ ಕುಗ್ಗಿರುವ ಹೊತ್ತಿನಲ್ಲಿ ಚಕ್ರ ಗುಂಡಿಗೆ ಬಿದ್ದೆದ್ದು ಬಂಪ್ ಸ್ಟಾಪಿಗೆ ಬಡಿದರೆ, ಆ ಕ್ಷಣಕ್ಕೆ ಅಲ್ಲಿ ಸ್ಪ್ರಿಂಗೇ ಇಲ್ಲದಂತಾಗುತ್ತದೆ. ಕಾರು ಇದ್ದಕ್ಕಿದ್ದಂತೆ ಪಕ್ಕಕ್ಕೆ ಜಿಗಿಯುವುದು ಹೀಗೆ.

ಇನ್ನು ಅವಮಂದನದ ಲೆಕ್ಕ. ಸಾಧಾರಣ ಕಾರಿನ ಒಡಲು ಸೆಕೆಂಡಿಗೆ 1ರಿಂದ 1.5 ಬಾರಿ ತೂಗುವಂತೆ ಸ್ಪ್ರಿಂಗುಗಳನ್ನು ಆಯ್ದಿರುತ್ತಾರೆ. ಮನುಷ್ಯ ನಡೆಯುವಾಗಿನ ಮೇಲೆ ಕೆಳಗಿನ ಲಯಕ್ಕೆ ಇದು ಹತ್ತಿರವಾದ್ದರಿಂದ ದೇಹಕ್ಕೆ ಒಗ್ಗುತ್ತದೆ. ಬಿಗಿತವನ್ನು ಶೇ. 30ರಷ್ಟು ಹೆಚ್ಚಿಸಿದರೆ ತೂಗಾಟದ ಆವೃತ್ತಿ ಶೇ. 14ರಷ್ಟು ಹೆಚ್ಚುತ್ತದೆ, ಏಕೆಂದರೆ ಅದು ಬಿಗಿತದ ವರ್ಗಮೂಲವನ್ನು ಅನುಸರಿಸುತ್ತದೆ. ತೂಗಾಟವೇ ಇಲ್ಲದೆ ಒಡಲು ನೇರವಾಗಿ ತನ್ನ ನೆಲೆಗೆ ಮರಳಲು ಬೇಕಾದ ಅವಮಂದನವನ್ನು 1 ಎಂದು ಎಣಿಸಿದರೆ, ರಸ್ತೆ ಕಾರುಗಳಲ್ಲಿ ಇರುವುದು ಸಾಮಾನ್ಯವಾಗಿ 0.2ರಿಂದ 0.4. ಮೊದಲು 0.30 ಇದ್ದ ಕಾರಿಗೆ ಶೇ. 30ರಷ್ಟು ಬಿಗಿಯಾದ ಸ್ಪ್ರಿಂಗನ್ನು ಹಾಕಿ ಹಳೆಯ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಂಡರೆ ಈ ಸಂಖ್ಯೆ 0.26ಕ್ಕೆ ಇಳಿಯುತ್ತದೆ. ಅದೊಂದೇ ಆಗಿದ್ದರೆ ಅಪಾಯವಿಲ್ಲ. ಆದರೆ ತಗ್ಗಿಸಲು ತರುವ ಕಾರು ಬಹಳ ಸಲ ಹಳೆಯದು. ಅದರ ಶಾಕ್ ಅಬ್ಸಾರ್ಬರುಗಳು ಸವೆದು ಮೂಲ ಶಕ್ತಿಯ ಶೇ. 60ರಷ್ಟಕ್ಕೆ ಇಳಿದಿದ್ದರೆ ಸಂಖ್ಯೆ 0.16 ಆಗುತ್ತದೆ. ಅಂಥ ಕಾರು ಒಂದು ಉಬ್ಬನ್ನು ದಾಟಿದ ಮೇಲೆ ಮೂರು ನಾಲ್ಕು ಸಲ ಕುಣಿಯುತ್ತದೆ. ಕುಣಿತದ ಪ್ರತಿ ಏರಿಕೆಯಲ್ಲೂ ಟೈರು ನೆಲವನ್ನು ಒತ್ತುವ ಬಲ ಕುಗ್ಗುತ್ತದೆ, ಬ್ರೇಕು ಹಿಡಿಯುವ ದೂರ ಹೆಚ್ಚುತ್ತದೆ.

ತಗ್ಗಿಸುವ ವಿಧಾನಗಳು

ಗಿಡ್ಡ ಸುರುಳಿ ಸ್ಪ್ರಿಂಗುಗಳನ್ನು ಹಾಕುವುದು ಸರಳವೂ ಕಡಿಮೆ ಖರ್ಚಿನದೂ ಆದ ಮಾರ್ಗ. ಜರ್ಮನಿಯ ಐಬಾಕ್‌ನಂಥ ಕಂಪನಿಗಳು ಕಾರಿನ ಒಂದೊಂದು ಮಾದರಿಗೂ ಪ್ರತ್ಯೇಕವಾಗಿ ಇವನ್ನು ತಯಾರಿಸುತ್ತವೆ. ಎರಡನೆಯದು ಕಾಯಿಲೋವರ್: ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಘಟಕವಾಗಿ ಬಂದು, ಮರೆ ಕೊರೆದ ಕೊಳವೆಯ ಮೇಲೆ ಸ್ಪ್ರಿಂಗಿನ ಪೀಠವನ್ನು ತಿರುಗಿಸಿ ಎತ್ತರವನ್ನು ಹೊಂದಿಸಿಕೊಳ್ಳಬಹುದು. ಇದರ ದೊಡ್ಡ ಗುಣವೆಂದರೆ ಸ್ಪ್ರಿಂಗಿಗೂ ಶಾಕ್ ಅಬ್ಸಾರ್ಬರಿಗೂ ಹೊಂದಾಣಿಕೆಯನ್ನು ತಯಾರಕರೇ ಮಾಡಿಕೊಟ್ಟಿರುವುದು. ಸ್ಪ್ರಿಂಗಿನ ಬದಲು ಗಾಳಿಚೀಲಗಳನ್ನಿಟ್ಟು ಬೇಕಾದಾಗ ಏರಿಸಿ ಇಳಿಸುವ ಏರ್ ಸಸ್ಪೆನ್ಷನ್ ದುಬಾರಿ. ಹಿಂದೆ ಪಟ್ಟಿ ಸ್ಪ್ರಿಂಗ್ ಇರುವ ವಾಹನಗಳಲ್ಲಿ ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಲೋಹದ ದಿಮ್ಮಿಯನ್ನಿಡುವ ಪದ್ಧತಿಯಿದೆ. ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ರೂಪುಗೊಂಡ ನಮ್ಮ ಅಂಬಾಸಡರ್ ಕಾರಿನ ಮುಂಭಾಗದಲ್ಲಿದ್ದುದು ತಿರುಚಿಕೊಳ್ಳುವ ಉಕ್ಕಿನ ಸರಳು. ಅಂಥ ಕಾರುಗಳಲ್ಲಿ ಸರಳಿನ ತುದಿಯನ್ನು ಮರುಹೊಂದಿಸಿ ಎತ್ತರವನ್ನು ಬದಲಾಯಿಸಬಹುದು.

ಇರುವ ಸ್ಪ್ರಿಂಗನ್ನೇ ಕತ್ತರಿಸುವುದು ಅಗ್ಗದ ಮತ್ತು ಕೆಟ್ಟ ಮಾರ್ಗ. ಸುರುಳಿ ಸ್ಪ್ರಿಂಗಿನ ಬಿಗಿತವು ಅದರ ಕೆಲಸ ಮಾಡುವ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ: ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದನ್ನು ಕತ್ತರಿಸಿದರೆ ಬಿಗಿತ ಶೇ. 20ರಷ್ಟು ಏರುತ್ತದೆ. ಬಿಗಿತ ಏರುವುದು ದೋಷವಲ್ಲ. ದೋಷವಿರುವುದು ತುದಿಯಲ್ಲಿ. ಸ್ಪ್ರಿಂಗಿನ ಕೊನೆಯ ಸುತ್ತನ್ನು ಪೀಠದಲ್ಲಿ ಸರಿಯಾಗಿ ಕೂರುವಂತೆ ವಿಶೇಷವಾಗಿ ಬಾಗಿಸಿರುತ್ತಾರೆ; ಕತ್ತರಿಸಿದ ತುದಿ ಹಾಗೆ ಕೂರುವುದಿಲ್ಲ. ಜ್ಯಾಕ್ ಹಾಕಿದಾಗಲೋ ಚಕ್ರ ಗಾಳಿಯಲ್ಲಿ ನೇತಾಡಿದಾಗಲೋ ಗಿಡ್ಡವಾದ ಸ್ಪ್ರಿಂಗ್ ಸಡಿಲಗೊಂಡು ಪೀಠದಿಂದ ಸರಿಯಬಹುದು. ಗ್ಯಾಸ್ ಜ್ವಾಲೆಯಿಂದ ಕಾಯಿಸಿ ಸ್ಪ್ರಿಂಗನ್ನು ಕುಸಿಯುವಂತೆ ಮಾಡುವುದು ಇದಕ್ಕಿಂತ ಅಪಾಯಕಾರಿ. ಉಕ್ಕಿಗೆ ಸ್ಪ್ರಿಂಗಿನ ಗುಣ ಬಂದಿರುವುದೇ ಹದವಾಗಿ ಕಾಯಿಸಿ ತಣಿಸಿದ ಸಂಸ್ಕಾರದಿಂದ. ಆ ಹದ ಕೆಟ್ಟ ಜಾಗದಲ್ಲಿ ಸ್ಪ್ರಿಂಗ್ ಮುಂದೆ ಮತ್ತಷ್ಟು ಕುಸಿಯುತ್ತದೆ ಅಥವಾ ಮುರಿಯುತ್ತದೆ.

ಶಾಕ್ ಅಬ್ಸಾರ್ಬರಿನ ಆಯ್ಕೆ

ಮೊದಲು ನೋಡಬೇಕಾದುದು ಉದ್ದ. ಕಾರು ತಗ್ಗಿದಾಗ ಶಾಕ್ ಅಬ್ಸಾರ್ಬರಿನ ದಂಡವು ಕೊಳವೆಯೊಳಗೆ ಅಷ್ಟೇ ಆಳಕ್ಕಿಳಿದು ನಿಲ್ಲುತ್ತದೆ. ಪಿಸ್ಟನ್ ತನ್ನ ದಾರಿಯ ನಡುಭಾಗದಲ್ಲಿ ಆಡುವ ಬದಲು ತಳದ ಹತ್ತಿರ ಆಡುತ್ತಿರುತ್ತದೆ, ದೊಡ್ಡ ಗುಂಡಿಯಲ್ಲಿ ತಳಕ್ಕೆ ಬಡಿದು ಕವಾಟಗಳನ್ನು ಕೆಡಿಸಿಕೊಳ್ಳಬಹುದು. ಇತ್ತ ಚಕ್ರ ನೇತಾಡಿದಾಗ ಉದ್ದ ದಂಡವು ಪೂರ್ತಿ ಚಾಚಿಕೊಂಡು, ಗಿಡ್ಡ ಸ್ಪ್ರಿಂಗ್ ಅದರ ನಡುವೆ ಸಡಿಲವಾಗುತ್ತದೆ. ಆದ್ದರಿಂದ ತಗ್ಗು ಕಾರಿಗೆಂದು ಗಿಡ್ಡವಾದ ಒಡಲಿರುವ ಶಾಕ್ ಅಬ್ಸಾರ್ಬರುಗಳನ್ನು ತಯಾರಿಸುತ್ತಾರೆ. 20–25 ಮಿ.ಮೀ. ಇಳಿಕೆಗೆ ಮೂಲ ಉದ್ದವೇ ಸಾಕಾಗಬಹುದು. ಅದನ್ನು ಮೀರಿದರೆ ಗಿಡ್ಡ ಒಡಲೇ ಯುಕ್ತ. ಜೊತೆಯಲ್ಲಿ ಬರುವ ಬಂಪ್ ಸ್ಟಾಪುಗಳನ್ನೂ ಬಳಸಬೇಕು. ಇದ್ದ ಬಂಪ್ ಸ್ಟಾಪನ್ನು ಕಿತ್ತೆಸೆದು ‘ಚಲನೆಯ ಅವಕಾಶ ಹೆಚ್ಚಿಸಿದೆವು’ ಎಂದುಕೊಳ್ಳುವವರಿದ್ದಾರೆ. ಅವರು ಲೋಹಕ್ಕೆ ಲೋಹ ಬಡಿಯುವ ಏರ್ಪಾಡು ಮಾಡಿದಂತಾಯಿತು.

ಎರಡನೆಯದು ಕವಾಟಗಳ ಹದ. ಶಾಕ್ ಅಬ್ಸಾರ್ಬರು ಕುಗ್ಗುವಾಗ ಒಂದು ಪ್ರಮಾಣದ, ಹಿಗ್ಗುವಾಗ ಇನ್ನೊಂದು ಪ್ರಮಾಣದ ಪ್ರತಿರೋಧ ತೋರುತ್ತದೆ. ರಸ್ತೆ ಕಾರುಗಳಲ್ಲಿ ಹಿಗ್ಗುವಾಗಿನ ಪ್ರತಿರೋಧವು ಕುಗ್ಗುವಾಗಿನದರ ಎರಡು ಮೂರು ಪಟ್ಟು ಇರುವುದು ವಾಡಿಕೆ. ಕುಗ್ಗುವಾಗ ಸ್ಪ್ರಿಂಗೂ ಪ್ರತಿರೋಧಕ್ಕೆ ನೆರವಾಗುತ್ತದೆ. ಹಿಗ್ಗುವಾಗ ಸ್ಪ್ರಿಂಗೇ ಎದುರಾಳಿ. ಬಿಗಿಯಾದ ಸ್ಪ್ರಿಂಗ್ ಹೆಚ್ಚು ರಭಸದಿಂದ ಹಿಗ್ಗುವುದರಿಂದ ತಗ್ಗು ಕಾರಿಗೆ ಮುಖ್ಯವಾಗಿ ಹೆಚ್ಚಿಸಬೇಕಾದುದು ಈ ಹಿಗ್ಗುವಾಗಿನ ಪ್ರತಿರೋಧವನ್ನು. ಇದರಲ್ಲೂ ಅತಿಯಾಗಬಾರದು. ಹಿಗ್ಗುವಿಕೆ ತೀರಾ ನಿಧಾನವಾದರೆ, ಸಾಲು ಗುಂಡಿಗಳ ರಸ್ತೆಯಲ್ಲಿ ಒಂದು ಗುಂಡಿಯಿಂದ ಸುಧಾರಿಸಿಕೊಳ್ಳುವ ಮೊದಲೇ ಸ್ಪ್ರಿಂಗಿಗೆ ಮುಂದಿನ ಪೆಟ್ಟು ಬೀಳುತ್ತದೆ. ಕಾರು ಹಂತಹಂತವಾಗಿ ಕುಸಿಯುತ್ತ ಕೊನೆಗೆ ಬಂಪ್ ಸ್ಟಾಪಿನ ಮೇಲೆಯೇ ಓಡುತ್ತದೆ. ‘ಗಟ್ಟಿ ಶಾಕ್ ಹಾಕಿಸಿ’ ಎಂಬ ಸಲಹೆಯನ್ನು ಕಣ್ಣುಮುಚ್ಚಿ ಒಪ್ಪದಿರಲು ಇದೇ ಕಾರಣ.

ಮೂರನೆಯದು ಒಳರಚನೆ. ಜೋಡಿ ಕೊಳವೆಯ ಮಾದರಿಯಲ್ಲಿ ಒಳಕೊಳವೆಯಲ್ಲಿ ಪಿಸ್ಟನ್ ಆಡುತ್ತದೆ, ಹೊರಕೊಳವೆ ಹೆಚ್ಚುವರಿ ಎಣ್ಣೆಯ ಭಂಡಾರ. ಇದು ಮೃದು, ಅಗ್ಗ, ಹೊರಗೋಡೆಗೆ ಕಲ್ಲು ಬಡಿದು ನೆಗ್ಗಿದರೂ ಕೆಲಸ ಮಾಡಬಲ್ಲುದು. ಎಡೆಬಿಡದ ಆಟದಲ್ಲಿ ಎಣ್ಣೆಗೆ ಗಾಳಿ ಬೆರೆತು ನೊರೆಯಾದರೆ ಮಾತ್ರ ಪ್ರತಿರೋಧ ಕುಗ್ಗುತ್ತದೆ. ಕಡಿಮೆ ಒತ್ತಡದ ಅನಿಲವನ್ನು ತುಂಬಿದ ಜೋಡಿ ಕೊಳವೆಯಲ್ಲಿ ಈ ನೊರೆ ಬಹಳಷ್ಟು ತಗ್ಗುತ್ತದೆ. ಒಂಟಿ ಕೊಳವೆಯ ಮಾದರಿಯಲ್ಲಿ ತೇಲುವ ಪಿಸ್ಟನ್ನೊಂದು ಎಣ್ಣೆಯನ್ನೂ ಹೆಚ್ಚು ಒತ್ತಡದ ನೈಟ್ರೋಜನ್ನನ್ನೂ ಬೇರ್ಪಡಿಸುತ್ತದೆ. ಶಾಖ ನೇರವಾಗಿ ಹೊರಗೋಡೆಗೆ ಸೇರುವುದರಿಂದ ಬೇಗ ತಣಿಯುತ್ತದೆ. ಇಲ್ಲಿ ಒಂದು ಸಣ್ಣ ವಿರೋಧಾಭಾಸವಿದೆ. ಒಳಗಿನ ಒತ್ತಡ 25 ಬಾರ್ ಇದ್ದು ದಂಡದ ವ್ಯಾಸ 14 ಮಿ.ಮೀ. ಆಗಿದ್ದರೆ, ಅನಿಲವು ದಂಡವನ್ನು ಸದಾ ಸುಮಾರು 39 ಕೆ.ಜಿ. ಬಲದಿಂದ ಹೊರದೂಡುತ್ತಿರುತ್ತದೆ. ತಗ್ಗಿಸಲು ಹೊರಟ ಎತ್ತರದ ಒಂದು ಪಾಲನ್ನು ಇದು ಮರಳಿ ಎತ್ತಿಬಿಡಬಹುದು. ನಿತ್ಯದ ಓಡಾಟಕ್ಕೆ ಅನಿಲ ತುಂಬಿದ ಜೋಡಿ ಕೊಳವೆಯೇ ಬಹುಪಾಲು ಜನರಿಗೆ ಸಾಕು. ಒಂಟಿ ಕೊಳವೆಯ ಬೆಲೆಗೆ ತಕ್ಕ ಪ್ರಯೋಜನ ಸಿಗುವುದು ಸತತವಾಗಿ ವೇಗದಲ್ಲಿ ಓಡಿಸುವವರಿಗೆ.

ಹೊರಗಿನಿಂದ ತಿರುಪು ತಿರುಗಿಸಿ ಪ್ರತಿರೋಧವನ್ನು ಹೊಂದಿಸುವ ಮಾದರಿಗಳೂ ಉಂಟು. ನೆದರ್ಲೆಂಡ್ಸಿನ ಕೋನಿ ಕಂಪನಿ ಇದಕ್ಕೆ ಹಿಂದಿನಿಂದ ಹೆಸರುವಾಸಿ. ಶಾಕ್ ಅಬ್ಸಾರ್ಬರು ಸವೆದಂತೆ ಸ್ವಲ್ಪ ಬಿಗಿಗೊಳಿಸಿಕೊಳ್ಳಲು ಇದು ಉಪಯುಕ್ತ. ಯಾವುದನ್ನೇ ಕೊಂಡರೂ ಒಂದು ಆಕ್ಸಲ್ಲಿನ ಎರಡು ಬದಿಗೂ ಒಟ್ಟಿಗೆ ಬದಲಿಸಬೇಕು. ಮೇಲ್ತುದಿಯ ರಬ್ಬರ್ ಪೀಠ ಮತ್ತು ಬೇರಿಂಗನ್ನೂ ಆಗಲೇ ಬದಲಿಸುವುದು ಲಾಭಕರ, ಏಕೆಂದರೆ ಮತ್ತೆ ಬಿಚ್ಚುವ ಕೂಲಿ ಉಳಿಯುತ್ತದೆ. ಕುಗ್ಗಿಸಿದ ಸ್ಪ್ರಿಂಗನ್ನು ಅದಕ್ಕೆ ತಕ್ಕ ಸಾಧನವಿಲ್ಲದೆ ಬಿಚ್ಚಲು ಹೋಗುವುದು ಪ್ರಾಣಾಪಾಯಕರ. ಇದು ಮನೆಯಂಗಳದಲ್ಲಿ ಪ್ರಯೋಗ ಮಾಡುವ ಕೆಲಸವಲ್ಲ.

ಚಕ್ರದ ಕೋನಗಳು, ಬ್ರೇಕು ಮತ್ತು ದೀಪ

ಕಾರು ತಗ್ಗಿದಾಗ ಚಕ್ರಗಳ ಮೇಲ್ತುದಿ ಸಾಮಾನ್ಯವಾಗಿ ಒಳಕ್ಕೆ ವಾಲುತ್ತದೆ, ಮುಂಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿರುವುದೂ ತಪ್ಪುತ್ತದೆ. ವೀಲ್ ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ಹೊರಗಿನಿಂದ ನೋಡಿದರೆ ಟೈರು ಚೆನ್ನಾಗಿಯೇ ಕಾಣುವುದರಿಂದ ಮಾಲೀಕನಿಗೆ ತಿಳಿಯುವುದು ತಡವಾಗಿ.

ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿಯೆಂದರೆ ಬ್ರೇಕು. ಕೆಲವು ಕಾರುಗಳಲ್ಲಿ, ಅದರಲ್ಲೂ ಹಳೆಯ ಮಾದರಿಗಳಲ್ಲಿ ಮತ್ತು ವ್ಯಾನುಗಳಲ್ಲಿ, ಹಿಂಚಕ್ರಗಳ ಬ್ರೇಕಿಗೆ ಹೋಗುವ ಒತ್ತಡವನ್ನು ಭಾರಕ್ಕೆ ತಕ್ಕಂತೆ ನಿಯಂತ್ರಿಸುವ ಕವಾಟವಿರುತ್ತದೆ. ಒಡಲಿಗೂ ಹಿಂದಿನ ಆಕ್ಸಲ್ಲಿಗೂ ನಡುವಣ ಅಂತರ ಕಡಿಮೆಯಾದುದನ್ನು ಕಂಡು ಅದು ಹಿಂದೆ ಭಾರವಿದೆಯೆಂದು ತಿಳಿಯುತ್ತದೆ. ಕಾರನ್ನು ತಗ್ಗಿಸಿದರೆ ಖಾಲಿ ಕಾರೂ ಅದರ ದೃಷ್ಟಿಯಲ್ಲಿ ತುಂಬಿದ ಕಾರೇ. ಹಿಂಚಕ್ರಗಳಿಗೆ ಅಗತ್ಯಕ್ಕಿಂತ ಹೆಚ್ಚು ಒತ್ತಡ ಹೋಗಿ, ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕು ಒತ್ತಿದಾಗ ಅವು ಮೊದಲೇ ಕಚ್ಚಿಕೊಂಡು ಕಾರು ಗಿರಕಿ ಹೊಡೆಯಬಹುದು. ಇಂಥ ಕವಾಟವಿರುವ ಕಾರಿನಲ್ಲಿ ಅದರ ಸಲಾಕೆಯನ್ನು ಹೊಸ ಎತ್ತರಕ್ಕೆ ಹೊಂದಿಸಲೇಬೇಕು. ಮುಂದಣ ದೀಪಗಳ ದಿಕ್ಕನ್ನೂ, ಇತ್ತೀಚಿನ ಕಾರುಗಳಲ್ಲಿ ಗಾಜಿನ ಹಿಂದಿರುವ ಕ್ಯಾಮೆರಾದ ಹೊಂದಾಣಿಕೆಯನ್ನೂ ಪರೀಕ್ಷಿಸಬೇಕಾಗುತ್ತದೆ.

ರಸ್ತೆಯ ಉಬ್ಬುಗಳು

ಭಾರತೀಯ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬೇಕಾದ ಉಬ್ಬು 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ ಇರುವ ಕಮಾನು. ಚಕ್ರಗಳ ನಡುವೆ 2.5 ಮೀಟರ್ ಅಂತರವಿರುವ ಕಾರು ಇಂಥ ಉಬ್ಬಿನ ಮೇಲೆ ಸರಿಯಾಗಿ ನಡುವೆ ನಿಂತಾಗ ನಾಲ್ಕು ಚಕ್ರಗಳೂ ಉಬ್ಬಿನ ಮೇಲೆಯೇ, ನೆಲದಿಂದ ಸುಮಾರು 5.5 ಸೆಂ.ಮೀ. ಎತ್ತರದಲ್ಲಿರುತ್ತವೆ. ಕಾರಿನ ಹೊಟ್ಟೆಗೆ ಎದುರಾಗುವುದು ಉಳಿದ ನಾಲ್ಕೂವರೆ ಸೆಂ.ಮೀ. ಮಾತ್ರ. ತಗ್ಗಿಸಿದ ಕಾರೂ ಇದನ್ನು ಸಲೀಸಾಗಿ ದಾಟುತ್ತದೆ.

ಕರ್ನಾಟಕದ ಊರೂರುಗಳಲ್ಲಿ ಜನ ‘ಹಂಪ್’ ಎಂದು ಕರೆಯುವ ಉಬ್ಬುಗಳು ಬಹಳ ಕಡೆ ಈ ಅಳತೆಯವಲ್ಲ. ಒಂದಡಿ ಎರಡಡಿ ಅಗಲದಲ್ಲಿ ಡಾಂಬರನ್ನೋ ಕಾಂಕ್ರೀಟನ್ನೋ ರಾಶಿ ಹಾಕಿದಂತಿರುವ ಉಬ್ಬಿನ ಆಚೆ ಈಚೆ ಚಕ್ರಗಳು ನೆಲದ ಮೇಲೆಯೇ ಇರುತ್ತವೆ. ಆಗ ಉಬ್ಬಿನ ಪೂರ್ತಿ ಎತ್ತರ ಹೊಟ್ಟೆಗೆ ಎದುರಾಗುತ್ತದೆ. 17 ಸೆಂ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇರುವ ಕಾರು 15 ಸೆಂ.ಮೀ.ನ ಅಂಥ ಉಬ್ಬನ್ನು ಕಷ್ಟದಿಂದ ದಾಟೀತು, 3 ಸೆಂ.ಮೀ. ತಗ್ಗಿಸಿದ ಮೇಲೆ ಉಜ್ಜುತ್ತದೆ. ಪ್ರಕಟವಾದ ಅಳತೆ ಖಾಲಿ ಕಾರಿನದೋ ತುಂಬಿದ ಕಾರಿನದೋ ಎಂಬುದನ್ನೂ ನೋಡಿಕೊಳ್ಳಬೇಕು. ನಾಲ್ವರು ಕುಳಿತು ಸಾಮಾನು ತುಂಬಿದಾಗ ಮೃದು ಸ್ಪ್ರಿಂಗಿನ ಕಾರು ಇನ್ನೂ 4–5 ಸೆಂ.ಮೀ. ಇಳಿಯುವುದುಂಟು. ಉಜ್ಜುವುದು ಬರೀ ಬಣ್ಣವಲ್ಲ. ಎಂಜಿನ್ನಿನ ಎಣ್ಣೆತಟ್ಟೆ ಒಡೆದರೆ ಎಣ್ಣೆ ಸೋರಿ ಎಂಜಿನ್ನೇ ಹೋಗುತ್ತದೆ.

ಕಾನೂನು

ಜರ್ಮನಿಯಲ್ಲಿ ಬದಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರುಗಳಿಗೆ ಪರೀಕ್ಷಾ ಪ್ರಮಾಣಪತ್ರವಿರಬೇಕು. ಅಳವಡಿಸಿದ ಮೇಲೆ ಬಹುತೇಕ ಸಂದರ್ಭಗಳಲ್ಲಿ ಟ್ಯುಫ್‌ನಂಥ ಮಾನ್ಯ ಸಂಸ್ಥೆಯ ಪರಿಣತರಿಗೆ ಕಾರನ್ನು ತೋರಿಸಿ ಒಪ್ಪಿಗೆ ಪಡೆಯಬೇಕು. ಜಪಾನಿನ ವಾಹನ ತಪಾಸಣೆಯಲ್ಲಿ ಕಾರಿನ ತಳ ನೆಲದಿಂದ ಕನಿಷ್ಠ 9 ಸೆಂ.ಮೀ. ಎತ್ತರದಲ್ಲಿರಬೇಕೆಂಬುದು ಸಾಮಾನ್ಯ ನಿಯಮ. ಇವೆರಡೂ ತಗ್ಗಿಸುವುದನ್ನು ಒಪ್ಪಿಕೊಂಡು ಅದಕ್ಕೆ ಮೇರೆ ಹಾಕುವ ವ್ಯವಸ್ಥೆಗಳು.

ಭಾರತದ ಮಾರ್ಗ ಬೇರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದವಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದು. ವಾಹನದ ಮೂಲ ಲಕ್ಷಣವನ್ನು ಬದಲಿಸುವ ರಚನಾತ್ಮಕ ಬದಲಾವಣೆಯೇ ಇಲ್ಲಿ ‘ಮಾರ್ಪಾಡು’ ಎಂದು ಅದೇ ಪ್ರಕರಣ ವಿವರಿಸುತ್ತದೆ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದಲ್ಲಿ, ಕಾಯಿದೆ ಒಪ್ಪದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ ₹5,000 ದಂಡ ಅಥವಾ ಎರಡನ್ನೂ ವಿಧಿಸಬಹುದು. ಸವೆದ ಶಾಕ್ ಅಬ್ಸಾರ್ಬರನ್ನು ಅದೇ ಅಳತೆಯ ಹೊಸದರಿಂದ ಬದಲಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಎತ್ತರವನ್ನು ಬದಲಿಸುವ ಸ್ಪ್ರಿಂಗುಗಳ ಮಾತು ಹಾಗಲ್ಲ. ಅವನ್ನು ಕೊಳ್ಳುವ ಮುನ್ನವೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕು. ತಿಳಿಸದ ಮಾರ್ಪಾಡನ್ನು ಮುಂದಿಟ್ಟು ಅಪಘಾತದ ಪರಿಹಾರವನ್ನು ವಿಮಾ ಕಂಪನಿ ನಿರಾಕರಿಸಲು ಅವಕಾಶವಿರುತ್ತದೆ.